ಬೇಲಿಯಿಲ್ಲದ ಹುಲ್ಲುಗಾವಲು

ಆಗಸ್ಟ್ ಬಿಸಿಲಿಗೆ ಉತ್ತರ ತಾಂಜಾನಿಯಾದ ಶಿನ್ಯಾಂಗಾ ಸೀಮೆಯ ನೆಲ ಕಾದಿರುತ್ತದೆ. ಬಂಡೆಗುಡ್ಡಗಳ ನಡುವೆ ದನದ ಹಿಂಡು ಎಬ್ಬಿಸಿದ ದೂಳು, ಆ ದೂಳಿನೊಳಗಿಂದ ಕೊರಳಗಂಟೆಯ ಸದ್ದು, ಸಗಣಿಯ ಬಿಸಿ ವಾಸನೆ, ಕೋಲು ಹಿಡಿದು ಹಿಂದೆ ಬರುವ ಸುಕುಮಾ ಹುಡುಗರು. ಅವರ ಜೊತೆ ತುಸು ದೂರ ನಡೆದರೆ ಬೋಳು ನೆಲ ಮುಗಿದು, ಜಾಲಿ ಮರಗಳಡಿ ಮೊಣಕಾಲೆತ್ತರದ ಒಣಹುಲ್ಲು ಸರಸರ ಅನ್ನುತ್ತದೆ. ಬೇಲಿ ಇಲ್ಲ. ಆದರೂ ಒಂದು ಹಸು ಅತ್ತ ಮೂತಿ ತಿರುಗಿಸಿದ್ದೇ ಹುಡುಗನೊಬ್ಬ ಓಡಿಹೋಗಿ ಅಡ್ಡ ನಿಲ್ಲುತ್ತಾನೆ.

ಸುಕುಮಾ ಜನರ ಎನ್‌ಗಿತಿಲಿ ಇದು. ಮಳೆ ಹಿಡಿದಾಗ ಮುಚ್ಚಿ, ಉಳಿದೆಡೆ ಮೇವು ಮುಗಿದ ಮೇಲೆ ತುಂಡುತುಂಡಾಗಿ ತೆರೆಯುವ ಹುಲ್ಲುಗಾವಲು. ಎಲ್ಲೆ ಎಲ್ಲಿದೆಯೆಂದು ಊರಿಗೆ ಗೊತ್ತು. ಮೀರಿದವನಿಗೆ ಹಿರಿಯರ ಕೂಟದಲ್ಲಿ ದಂಡ.

1890ರ ದಶಕದಲ್ಲಿ ದನಗಳಿಗೆ ದೊಡ್ಡರೋಗ ಬಂದು ಪೂರ್ವ ಆಫ್ರಿಕಾದ ಕೊಟ್ಟಿಗೆಗಳು ಬರಿದಾದವು. ಮೇಯುವ ಬಾಯಿಲ್ಲದ ಕಡೆ ಪೊದೆ ಬೆಳೆಯಿತು, ಪೊದೆಯ ನೆರಳಿಗೆ ರೋಗ ಹರಡುವ ತ್ಸೆತ್ಸೆ ನೊಣ ಬಂತು. ಮುಂದೆ ಆಳಲು ಬಂದ ಬ್ರಿಟಿಷರ ಕಣ್ಣಿಗೆ ಬಿದ್ದದ್ದು ಪೊದೆ ಮತ್ತು ನೊಣ ಮಾತ್ರ. ಚಾರ್ಲ್ಸ್ ಸ್ವಿನ್ನರ್ಟನ್ ನೇತೃತ್ವದ ನೊಣ ಸಂಶೋಧನೆಗೆ ಶಿನ್ಯಾಂಗಾವೇ ನೆಲೆಯಾಯಿತು. 1920ರ ದಶಕದಿಂದ ಕೊಡಲಿ, ಬೆಂಕಿ ಎರಡೂ ಕಾಡಿಗೆ ಇಳಿದವು. ನೊಣ ಹಿಮ್ಮೆಟ್ಟಿತು, ನಿಜ. ಆದರೆ ದನ ಮೇಯಿಸುತ್ತಲೇ ಪೊದೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಜನರ ತಿಳಿವಳಿಕೆಯನ್ನು ಯಾರೂ ಕೇಳಲಿಲ್ಲವಲ್ಲ, ಆ ನೋವು ಕಡಿದ ಮರಗಳಿಗಿಂತ ದೊಡ್ಡದು. ಮರ ಹೋದಲ್ಲಿ ಹತ್ತಿ ಬಂತು. ಸ್ವಾತಂತ್ರ್ಯದ ನಂತರವೂ ಇದೇ ಜಾಡು: 1970ರ ದಶಕದಲ್ಲಿ ಸರ್ಕಾರ ಮನೆಗಳನ್ನು ಹೊಸ ಹಳ್ಳಿಗಳಿಗೆ ಎತ್ತಿಹಾಕಿದಾಗ ಕಾಯುವವರು ಒಂದು ಕಡೆ, ಕಾಯಬೇಕಾದ ಹುಲ್ಲು ಇನ್ನೊಂದು ಕಡೆ. ಅಧ್ಯಕ್ಷ ನ್ಯೆರೆರೆ ಈ ಸೀಮೆಯನ್ನು ಮರುಭೂಮಿ ಎಂದು ಕರೆಯುವಂತಾಯಿತು.

1986ರಲ್ಲಿ ನೆಲ ಕಾಪಾಡಲು ಹಾಶಿ ಎಂಬ ಸರ್ಕಾರಿ ಯೋಜನೆ ಶುರುವಾದಾಗ ಉಳಿದಿದ್ದ ಎನ್‌ಗಿತಿಲಿ ಸುಮಾರು 600 ಹೆಕ್ಟೇರ್. ಯೋಜನೆಯವರು ಮೊದಲು ಸಸಿಮಡಿಗಳನ್ನೇ ನಂಬಿದರು, ಆಮೇಲೆ ಹಿರಿಯರ ಕಟ್ಟಳೆಗೆ ಬಂದರು. ಮುಚ್ಚಿಟ್ಟ ನೆಲದಲ್ಲಿ ಹಳೆಯ ಬೇರುಗಳೇ ಚಿಗುರಿದವು. ಸೌದೆ, ಜೇನು, ಮದ್ದಿನ ಬೇರು ಮರಳಿದವು. ಎರಡು ದಶಕ ತುಂಬುವ ಮೊದಲೇ ಎನ್‌ಗಿತಿಲಿ 3 ಲಕ್ಷ ಹೆಕ್ಟೇರ್ ದಾಟಿತ್ತು. ಹೆಚ್ಚು ದನವಿದ್ದವರಿಗೇ ಹೆಚ್ಚು ಹುಲ್ಲು ಸಿಗುತ್ತದೆಂಬ ದೂರೂ ಈಗ ಇದೆ. ದನವಿಲ್ಲದ ಬಡವರ ಪಾಲೆಷ್ಟು ಎಂಬುದು ಇನ್ನೂ ತೀರದ ಲೆಕ್ಕ.