ಉಚಿತ ವಿದ್ಯೆ, ಮುಕ್ತ ವಿದ್ಯೆ

ಹಣವಿಲ್ಲದೆ ದೊರೆಯುವ ಪಾಠವೆಲ್ಲವೂ ಮುಕ್ತವಲ್ಲ. ಈ ಭೇದವನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಮೊಬೈಲಿನಲ್ಲಿ ಕಂಡುದನ್ನು ಓದಬಹುದು. ಆದರೆ ಅದನ್ನು ಪ್ರತಿ ಮಾಡಿ ಹಂಚಲು, ತಿದ್ದಲು, ಅನುವಾದಿಸಲು ಸಾಮಾನ್ಯವಾಗಿ ಹಕ್ಕುದಾರರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಅವರೇ ಪರವಾನಗಿಯ ರೂಪದಲ್ಲಿ ಮೊದಲೇ ಎಲ್ಲರಿಗೂ ನೀಡಿದ್ದರೆ, ಅದು ಮುಕ್ತ ಶೈಕ್ಷಣಿಕ ಸಂಪನ್ಮೂಲವೆನಿಸುತ್ತದೆ.

ಈ ಹೆಸರು 2002ರಲ್ಲಿ ಯುನೆಸ್ಕೊ ನಡೆಸಿದ ಸಭೆಯೊಂದರಲ್ಲಿ ರೂಢಿಗೆ ಬಂದಿತು. ಅದೇ ವರ್ಷ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳೂ ಪ್ರಕಟವಾದವು. 2013ರಲ್ಲಿ ಭಾರತ ಸರ್ಕಾರವು ಶಾಲಾ ಶಿಕ್ಷಣಕ್ಕಾಗಿ ಇಂಥ ಸಾಮಗ್ರಿಯ ರಾಷ್ಟ್ರೀಯ ಭಂಡಾರವನ್ನು ತೆರೆಯಿತು. ನಮ್ಮ ನಾಡಿನ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ತಾವೇ ಕೂಡಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಪಾಠಗಳನ್ನು ಕನ್ನಡದಲ್ಲಿಯೂ ರಚಿಸಿ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲವನ್ನು ಬೆಳೆಸಿದರು.

ಇದರಿಂದ ತರಗತಿಗೆ ಆಗುವ ಲಾಭ ದೊಡ್ಡದು. ತಿದ್ದಲು ಅನುಮತಿಯುಳ್ಳ ಪಾಠದಲ್ಲಿ ದೂರದ ದೇಶದ ಬೆಳೆಯ ಉದಾಹರಣೆಯಿದ್ದರೆ, ಕಲಬುರಗಿಯ ಶಿಕ್ಷಕರು ಅಲ್ಲಿ ತೊಗರಿಯನ್ನು ಇರಿಸಿ ಬೋಧಿಸಬಹುದು. ದುಬಾರಿ ಗೈಡುಗಳನ್ನು ಕೊಳ್ಳಲಾರದ ಮನೆಯ ಮಗುವಿಗೂ ಅದೇ ಪಾಠದ ಪ್ರತಿ ಸಲ್ಲುತ್ತದೆ. ಆದರೆ ಇಂಥದೊಂದು ಇದೆಯೆಂಬ ಅರಿವೇ ಇಲ್ಲದ ಮಗುವಿಗೆ ತೆರೆದ ಬಾಗಿಲೂ ಮುಚ್ಚಿದಂತೆಯೇ ಸರಿ.

ಆದುದರಿಂದ ತಂದೆತಾಯಿಗಳೂ ಗುರುಗಳೂ ಮಕ್ಕಳಿಗೆ ಎರಡು ರೂಢಿಗಳನ್ನು ಕಲಿಸಲಿ: ಸಾಮಗ್ರಿಯೊಡನಿರುವ ಪರವಾನಗಿಯ ಸಾಲನ್ನು ಮೊದಲು ಓದುವುದು; ಬಳಸಿಕೊಂಡಾಗ ಕರ್ತೃವಿನ ಹೆಸರನ್ನು ತಪ್ಪದೆ ಬರೆಯುವುದು. ಪಡೆದ ವಿದ್ಯೆಗೆ ಕೊಟ್ಟವರನ್ನು ನೆನೆಯುವುದೇ ವಿನಯ.