ಮೂವತ್ತು ವರ್ಷವಾದರೂ ಇಳಿಯದ ‘ಶ್!’

ಭೋಸರಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಸಿನಿಮಾ ತೋರಿಸುವುದು ಸುಲಭವಲ್ಲ. ಶಾಲೆಯಲ್ಲಿ ಮರಾಠಿ, ಗಲ್ಲಿಯಲ್ಲಿ ಹಿಂದಿ. ಉದ್ದುದ್ದ ಮಾತಿನ ಚಿತ್ರ ಹಾಕಿದರೆ ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಆದರೆ 1993ರ ‘ಶ್!’ ಹಾಕಿ ನೋಡಿ. ಕದಲದೆ ಕೂರುತ್ತಾರೆ. ನಡುವೆ “ಅಪ್ಪಾ, ಈಗ ಏನಂದ?” ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲಿ ಎಷ್ಟೋ ಕನ್ನಡ ಪದಗಳು ಮಕ್ಕಳ ಕಿವಿಗೆ ಬಿದ್ದದ್ದು ಹೀಗೇ.

‘ತರ್ಲೆ ನನ್ಮಗ’ದ ನಂತರ ಉಪೇಂದ್ರ ನಿರ್ದೇಶಿಸಿದ ಎರಡನೇ ಚಿತ್ರವಿದು. ‘ಓಂ’ ಬರಲು ಇನ್ನೂ ಎರಡು ವರ್ಷವಿತ್ತು. ಕುಮಾರ್ ಗೋವಿಂದ್ ನಾಯಕ. ಉಪೇಂದ್ರರ ಗುರು ಕಾಶೀನಾಥ್ ಅವರೂ ಇದ್ದಾರೆ. ಸಾಧು ಕೋಕಿಲ ಸಂಗೀತ ನಿರ್ದೇಶಕರಾದದ್ದು ಇಲ್ಲಿಂದಲೇ. ಹಂದರ ಸರಳ: ಚಿತ್ರೀಕರಣಕ್ಕೆ ಹೋದ ತಂಡ, ಸುತ್ತ ಕತ್ತಲು, ನಡುವೆ ಕೊಲೆಗಳು. ಮಾಡಿದ್ದು ದೆವ್ವವೋ ಮನುಷ್ಯನೋ? ನೋಡದವರಿಗಾಗಿ ಉತ್ತರ ಹೇಳುವುದಿಲ್ಲ.

ಇಂಥ ಚಿತ್ರಗಳಿಗೆ ದುಡ್ಡಿಗಿಂತ ಉಪಾಯ ಮುಖ್ಯ. ಜಾನ್ ಕಾರ್ಪೆಂಟರ್ 1978ರಲ್ಲಿ ‘ಹ್ಯಾಲೋವೀನ್’ ಮಾಡಿದಾಗ ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಕೊಂಡದ್ದು. ‘ಸ್ಟಾರ್ ಟ್ರೆಕ್’ ನಟನ ಮುಖದ ಅಗ್ಗದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದರು, ಅಷ್ಟೇ. ಸಂಗೀತವನ್ನೂ ಅವರೇ ಮಾಡಿದರು. ತೆರೆಯ ಮೇಲೆ ರಕ್ತ ಬಹಳ ಕಡಿಮೆ. ಹೆದರಿಸುವುದು ಚಾಕುವಲ್ಲ, ಚಾಕು ಯಾವಾಗ ಬರುತ್ತದೋ ಎಂಬ ಕಾಯುವಿಕೆ.

ಈ ಕಾಯುವಿಕೆಯ ಗುಟ್ಟು ಕನ್ನಡಕ್ಕೂ ಗೊತ್ತಿತ್ತು. 1989ರಲ್ಲಿ ಸುನಿಲ್‌ಕುಮಾರ್ ದೇಸಾಯಿ ‘ತರ್ಕ’ದಲ್ಲಿ ಹಾಡುಗಳನ್ನೇ ಬಿಟ್ಟರು. ಶಂಕರ್ ನಾಗ್, ವನಿತಾ ವಾಸು ನಟಿಸಿದ ಆ ಚಿತ್ರ ಮರುವರ್ಷವೇ ತಮಿಳಿಗೆ ಹೋಯಿತು. ‘ಶ್!’ ಬಂದ 1993ರಲ್ಲೇ ಮರಾಠಿಯಲ್ಲಿ ಮಹೇಶ್ ಕೊಠಾರೆ ‘ಝಪಾಟಲೇಲಾ’ ಮಾಡಿದರು. ಕೊಲೆಗಾರನ ಜೀವ ಹೊಕ್ಕ ಗೊಂಬೆ ತಾತ್ಯಾ ವಿಂಚೂ ಅದರ ಆಕರ್ಷಣೆ. ಇಲ್ಲಿನ ಯಾವ ಮಗುವನ್ನು ಕೇಳಿದರೂ ಅವನ ಹೆಸರು ಹೇಳುತ್ತದೆ. “ನಮ್ಮಲ್ಲೂ ಅದೇ ವರ್ಷದ್ದು ಒಂದಿದೆ” ಎಂದು ನಾವು ತೋರಿಸಬಹುದಾದದ್ದು ‘ಶ್!’.

ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಇವನ್ನು ಏಕೆ ಮತ್ತೆ ನೋಡುತ್ತೇವೆ? ಎರಡನೇ ಸಲ ನಾವು ಹೆದರುವವರಲ್ಲ, ಪಕ್ಕದವರು ಹೆದರುವುದನ್ನು ನೋಡಿ ಖುಷಿಪಡುವವರು. ಇನ್ನೊಂದು ಕಾರಣವೂ ಇದೆ. ವಿಜಯಪುರ, ಕಲಬುರಗಿ, ಬೀದರ್ ಬಿಟ್ಟು ಎಂಐಡಿಸಿಗೆ ಬಂದವರ ಭಯಗಳಿಗೆ ‘ಶುಭಂ’ ಬೀಳುವುದಿಲ್ಲ. ಕಾಂಟ್ರ್ಯಾಕ್ಟ್ ಮುಗಿದರೆ ಏನು, ಬಾಡಿಗೆ ಏರಿದರೆ ಏನು, ಊರಲ್ಲಿ ಅವ್ವನಿಗೆ ಹುಷಾರಿಲ್ಲದಿದ್ದರೆ ಏನು? ಪರದೆಯ ಭಯಕ್ಕೆ ಮಾತ್ರ ಕೊನೆಯಿದೆ. ಎರಡೂವರೆ ಗಂಟೆ ಒಟ್ಟಿಗೆ ಹೆದರಿ, ಲೈಟು ಹಾಕಿ, ನಕ್ಕು ಊಟಕ್ಕೆ ಏಳಬಹುದು.

ತೀರಾ ಚಿಕ್ಕ ಮಕ್ಕಳಿಗೆ ಬೇಡ. ಉಳಿದವರನ್ನು ಕೂರಿಸಿಕೊಂಡು ಒಂದು ಭಾನುವಾರ ನೋಡಿ. ಕೊನೆ ಮಾತ್ರ ಮೊದಲೇ ಹೇಳಬೇಡಿ.