‘ಗೇಟು ತೆಗೆದರು’ ಎಂಬ ಸುದ್ದಿ

ಪ್ರವಾಹ ಬಂದಲ್ಲೆಲ್ಲ ಒಂದು ಮಾತು ಹುಟ್ಟುತ್ತದೆ: ‘ಮೇಲಿನವರು ಗೇಟು ತೆಗೆದುಬಿಟ್ಟರು.’ ದೊಡ್ಡ ಜಲಾಶಯಗಳ ವಿಷಯದಲ್ಲಿ ಹೀಗೆ ಕೇಳುವ ಹಕ್ಕು ಜನರಿಗಿದೆ. ಅಲ್ಲಿ ಗೇಟುಗಳಿವೆ, ತೆಗೆಯುವ ಅಧಿಕಾರಿಗಳೂ ಇದ್ದಾರೆ. ಆದರೆ ಅಮೆರಿಕದ ಹಳ್ಳಿಗಾಡಿನ ಸಣ್ಣ ಮಣ್ಣಿನ ಅಣೆಕಟ್ಟುಗಳ ಮೇಲೂ ಇದೇ ಆರೋಪ ಹೊರಿಸಿದರೆ ನನಗೆ ಸಹನೆ ಉಳಿಯುವುದಿಲ್ಲ. ಅವುಗಳಲ್ಲಿ ಪ್ರವಾಹ ಬಿಡುವ ಗೇಟೇ ಇಲ್ಲ.

1934ರ ಏಪ್ರಿಲ್‌ನಲ್ಲಿ ಒಕ್ಲಹೋಮಾದ ವಾಶಿಟಾ ನದಿ ಉಕ್ಕಿ ಹ್ಯಾಮನ್ ಊರಿನ ಬಳಿ 17 ಜನ ಸತ್ತರು. ನದಿಗೆ ಸೇರುವ ಹಳ್ಳಗಳಲ್ಲೇ ನೀರು ತಡೆಯುವ ಯೋಜನೆಗೆ 1944ರ ಕಾಯ್ದೆ ಒಪ್ಪಿಗೆ ಕೊಟ್ಟಿತು. 1948ರಲ್ಲಿ ವಾಶಿಟಾ ಕೌಂಟಿಯ ಕಾರ್ಡೆಲ್ ಸಮೀಪ, ಕ್ಲೌಡ್ ಕ್ರೀಕ್ ಹಳ್ಳಕ್ಕೆ ಆ ಯೋಜನೆಯ ಮೊದಲ ಏರಿ ಎದ್ದಿತು. ಇಂದು ದೇಶದಲ್ಲಿ ಇಂಥವು 11,000ಕ್ಕೂ ಹೆಚ್ಚಿವೆ. ಒಂದೊಂದಕ್ಕೂ ಕಾವಲುಗಾರನನ್ನು ಇಡಲಾಗದು. ಆಳಿಲ್ಲದೆ ತಾವೇ ಕೆಲಸ ಮಾಡುವಂತೆ ಅವುಗಳ ರಚನೆ.

ಏರಿಯ ಒಳಬದಿಯಲ್ಲಿ ಒಂದು ಕಾಂಕ್ರೀಟ್ ಗೋಪುರ ನಿಂತಿರುತ್ತದೆ. ನೀರು ಅದರ ಬಾಯಿಯ ಮಟ್ಟ ಮುಟ್ಟಿದರೆ ತಾನಾಗಿ ಒಳಗೆ ಬಿದ್ದು, ಏರಿಯಡಿಯ ಕೊಳವೆಯಲ್ಲಿ ಹರಿದು ಕೆಳಗಿನ ಹಳ್ಳ ಸೇರುತ್ತದೆ. ಕೊಳವೆಯನ್ನು ಬೇಕೆಂದೇ ಕಿರಿದಾಗಿ ಇಟ್ಟಿರುತ್ತಾರೆ: ಕೆಲವೇ ತಾಸಿನಲ್ಲಿ ನುಗ್ಗಿ ಬಂದ ನೀರು ಹತ್ತು ದಿನಗಳಷ್ಟು ಕಾಲ ನಿಧಾನವಾಗಿ ಇಳಿಯಲಿ ಎಂದು. ಮಳೆ ಅದನ್ನೂ ಮೀರಿದರೆ ಏರಿಯ ಪಕ್ಕದಲ್ಲಿ, ನಮ್ಮ ಕೆರೆಗಳ ಕೋಡಿಯಂತೆಯೇ, ಹುಲ್ಲು ಬೆಳೆಸಿದ ಅಗಲ ಕಾಲುವೆ ಇದೆ. ದುರಸ್ತಿಗೆಂದು ಗೋಪುರದ ಬುಡದಲ್ಲಿ ಚಿಕ್ಕ ಕವಾಟ ಇರುವುದುಂಟು. ಊರು ಮುಳುಗಿಸುವ ನೀರು ಅದರಲ್ಲಿ ಹೋಗದು. ಏರಿ ಒಡೆಯದ ಹೊರತು, ಒಳಬಂದ ಪ್ರವಾಹದ ಅತಿ ಹೆಚ್ಚಿನ ಹರಿವನ್ನು ಮೀರಿ ನೀರು ಹೊರಹೋಗುವ ದಾರಿಯೇ ಇಲ್ಲ.

ಕೋಡಿ ಬಿದ್ದದ್ದನ್ನು ಕಂಡು ಏರಿ ಒಡೆಯಿತೆಂದು ಕೂಗುವವರೂ ಇದ್ದಾರೆ. ಕೋಡಿ ಇರುವುದೇ ಏರಿ ಉಳಿಯಲಿ ಎಂದು. ಮುಕ್ಕಾಲು ಖಾಲಿ ಕಂಡರೆ ದುಡ್ಡು ದಂಡವೆನ್ನುತ್ತಾರೆ, ಆದರೆ ಆ ಖಾಲಿ ಜಾಗವೇ ಮುಂದಿನ ಪ್ರವಾಹಕ್ಕೆ ಕಾದಿಟ್ಟದ್ದು. ಮರದ ಬೇರು ಏರಿಯನ್ನು ಗಟ್ಟಿಮಾಡದು. ಸತ್ತು ಕೊಳೆತಾಗ ನೀರಿಗೆ ಸುರಂಗ ಬಿಟ್ಟುಹೋಗುತ್ತದೆ. ‘ಹೆಚ್ಚು ಅಪಾಯ’ದ ವರ್ಗ ಎಂದರೆ ಏರಿ ಶಿಥಿಲವೆಂದಲ್ಲ, ಒಡೆದರೆ ಕೆಳಗೆ ಜೀವಹಾನಿಯಾದೀತು ಎಂದು.

ಗೇಟಿನ ಸುದ್ದಿಯನ್ನು ಹತ್ತು ಜನಕ್ಕೆ ಕಳಿಸುವ ಮೊದಲು ಒಮ್ಮೆ ಆ ಏರಿಯನ್ನು ನೋಡಿದ್ದರೆ ಸಾಕಿತ್ತು. ಕಣ್ಣಾರೆ ಕಾಣಬಹುದಾದದ್ದನ್ನೂ ಬೇರೆಯವರ ಬಾಯಿಂದಲೇ ನಂಬುವ ಈ ಅಭ್ಯಾಸದಿಂದ ಕೇಳಬೇಕಾದ ಪ್ರಶ್ನೆಗಳು ಮುಚ್ಚಿಹೋಗುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು 50 ವರ್ಷದ ಬಾಳಿಕೆಯ ಲೆಕ್ಕದಲ್ಲಿ. ಹಲವಕ್ಕೆ ಆ ಗಡುವು ದಾಟಿದೆ. ಹೂಳು ಎಷ್ಟು ತುಂಬಿದೆ? ಒಳಗಿನ ಕೊಳವೆ ತುಕ್ಕು ಹಿಡಿದಿದೆಯೇ? ಹೊಲಗಳನ್ನಷ್ಟೇ ಕಾಯಲೆಂದು ಕಟ್ಟಿದ ಏರಿಯ ಕೆಳಗೆ ಈಗ ಮನೆ ಕಟ್ಟಲು ಅನುಮತಿ ಕೊಟ್ಟವರು ಯಾರು?